ಎರಡರಿಂದ ಮೂರರವರೆಗೆ

“ಮಾತಾಡೋಕೆ ಜನ ಬೇಕಾ ನಿಂಗೆ? ತಗೋ, ಇದ್ರ ಹತ್ರ ಮಾತಾಡು.”

ವೃದ್ಧಾಶ್ರಮದ ನಿರ್ದೇಶಕ ಗ್ವಾಕ್ ಎಸೆದ ಎಲೆಕೋಸು ಓಕ್‌ಬುನ್‌ಳ ಮೊಣಕಾಲಿಗೆ ಬಡಿದು ಉಪ್ಪುನೀರಿನ ತೊಟ್ಟಿಗೆ ಬಿತ್ತು. ಹಿತ್ತಿಲಲ್ಲಿ ಕೂತಿದ್ದ ಉಳಿದ ಐವರು ಆಯಾಗಳು ತಲೆ ತಗ್ಗಿಸಿ ಎಲೆಕೋಸು ಸೀಳುತ್ತಲೇ ಇದ್ದರು. ದಕ್ಷಿಣ ಕೊರಿಯಾದ ನಾಜು ಪಟ್ಟಣದ ಅಂಚಿನ ಆ ವೃದ್ಧಾಶ್ರಮಕ್ಕೆ ಚಳಿಗಾಲದ ಕಿಮ್ಚಿ, ಎಲೆಕೋಸಿನ ಉಪ್ಪಿನಕಾಯಿ, ಹಾಕುವ ದಿನ ಅದು. ಅರ್ಧದಷ್ಟು ಜಾಡಿಗಳು ಗ್ವಾಕ್‌ನ ಅತ್ತೆಮನೆಗೆ ಹೋಗುತ್ತವೆಂದು ಎಲ್ಲರಿಗೂ ಗೊತ್ತಿತ್ತು.

ತಿಂಗಳ ಕೊನೆಯ ಗುರುವಾರ, ಮಧ್ಯಾಹ್ನ ಎರಡರಿಂದ ಮೂರು. ಕಾಗದದ ಪ್ರಕಾರ ಈ ಹೊತ್ತಿನಲ್ಲಿ ಆಯಾಗಳು ಅನುಭವಿ ನರ್ಸೊಬ್ಬರ ಎದುರು ಕೂತು, ಆ ತಿಂಗಳ ಆರೈಕೆಯಲ್ಲಿ ತಮಗೆ ಯಾವುದು ಭಾರವಾಯಿತು, ಎಲ್ಲಿ ಕೈ ತಪ್ಪಿತು ಎಂದು ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಮೇಲ್ವಿಚಾರಣೆ ಎಂದು ಹೆಸರು. ಮೂರು ವರ್ಷದಲ್ಲಿ ಆ ನರ್ಸನ್ನು ಯಾರೂ ಕಂಡಿರಲಿಲ್ಲ. ‘ತೊಂದರೆ ಏನೂ ಇಲ್ಲ’ ಎಂದು ಆಫೀಸಿನಲ್ಲೇ ತುಂಬಿಟ್ಟ ಹಾಳೆಗೆ ರುಜು ಹಾಕಿದರೆ ಮುಗಿಯಿತು.

“ಮೇಲಿಂದ ನೋಡೋದೇ ಮೇಲ್ವಿಚಾರಣೆ,” ಗ್ವಾಕ್ ಸೂರಿನ ಕೆಳಗಿದ್ದ ಕ್ಯಾಮೆರಾ ತೋರಿಸಿದ. “ಅದು ನೋಡ್ತಾನೇ ಇದೆ. ಕುಂಡೆ ತೊಳೆಯೋ ಮುದುಕೀರಿಗೆ ಇನ್ನೇನು ವಿಚಾರಣೆ?”

ಅವನು ಒಳಗೆ ಹೋದ ಮೇಲೆ ಆಯಾಗಳಲ್ಲೊಬ್ಬಳಾದ ಮಾಲ್‌ಸುಕ್ ಪಕ್ಕಕ್ಕೆ ಉಗಿದಳು. “ಆ ಬೋಳಿಮಗ ಒಂದಿನ ಮುದುಕ ಆಗ್ತಾನಲ್ಲ ಅಕ್ಕ, ಅವನ ಕುಂಡೆ ತೊಳೆಯೋಕೆ ಇದೇ ಉಪ್ಪುನೀರು ತರ್ತೀನಿ.”

ಎಲ್ಲರೂ ನಕ್ಕರು. ಓಕ್‌ಬುನ್ ನಗಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಿದ್ದಳು.

ಆಶ್ರಮದಲ್ಲಿದ್ದ ಮುದುಕ ಪ್ಯೋ ಮೇಷ್ಟ್ರಿಗೆ ಮರೆವಿನ ರೋಗದಿಂದ ಅರಿವು ತಪ್ಪಿ ಎರಡು ವರ್ಷ. ಡೈಪರ್ ಬದಲಿಸಲು ಬಗ್ಗಿದಾಗಲೆಲ್ಲ ಅವರು ಅವಳ ಎದೆಗೆ ಕೈ ಹಾಕಿ ತಿರುಚುತ್ತಿದ್ದರು. ಎಂಟು ತಿಂಗಳ ಹಿಂದೆ ಅವಳು ದೂರು ಕೊಟ್ಟಾಗ, ಈ ವಯಸ್ಸಲ್ಲಿ ಅದೂ ಒಂದು ಭಾಗ್ಯ ಎಂದುಕೋ ಎಂದಿದ್ದ ಗ್ವಾಕ್. ಈ ಮಂಗಳವಾರ ಅವಳು ಅವರ ಮಣಿಕಟ್ಟನ್ನು ಹಿಡಿದಳು. ಅವರು ಎದೆ ಬಿಟ್ಟರು. ಬಿಟ್ಟ ಮೇಲೂ ಅವಳು ಹಿಂಡುತ್ತಲೇ ಇದ್ದಳು. ಹಾಸಿಗೆ ಸುತ್ತಲಿನ ಪರದೆಯ ಒಳಗಿನದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ನೀಲಿಗಟ್ಟಿದ ನಾಲ್ಕು ಬೆರಳ ಗುರುತಿನ ಮೇಲೆ ಅವಳೇ ಅವರ ಅಂಗಿಯ ತೋಳು ಎಳೆದು ಮುಚ್ಚಿದಳು. ನಾಳೆ ಅವರ ಸ್ನಾನದ ಪಾಳಿ ಮತ್ತೆ ಅವಳದೇ.

ಎರಡು ನಲವತ್ತಕ್ಕೆ ಆಫೀಸಿನಿಂದ ಓಕ್‌ಬುನ್‌ಗೆ ಕರೆ ಬಂತು. ಆಶ್ರಮದ ತಪಾಸಣೆಗೆ ಬರಬೇಕಿದ್ದ ಸರ್ಕಾರಿ ಅಧಿಕಾರಿಣಿ ಹೇಳಿದ್ದ ಹೊತ್ತಿಗಿಂತ ಮೊದಲೇ ಬಂದು ಕೂತಿದ್ದಳು. ಗ್ವಾಕ್‌ನ ದನಿಯೇ ಬದಲಾಗಿತ್ತು. “ಬನ್ನಿ ತಾಯಿ, ಇಲ್ಲೊಂದು ರುಜು.”

ಓಕ್‌ಬುನ್ ಹಾಳೆಯನ್ನು ಓದಿದಳು. ಪೂರ್ತಿ ಓದಿದಳು. ಆಮೇಲೆ ಕುರ್ಚಿ ಎಳೆದು ಕೂತಳು. ಅವಳ ಏಪ್ರನ್ನಿನಿಂದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕಿತು.

“ಕೂರೋಕಲ್ಲ ಕರೆದಿದ್ದು,” ಎಂದ ಗ್ವಾಕ್, ತುಟಿ ಅಲ್ಲಾಡಿಸದೆ.

“ಇದ್ರಲ್ಲಿ ಎರಡರಿಂದ ಮೂರು ಅಂತಿದೆ ಸಾರ್. ಇನ್ನೂ ಇಪ್ಪತ್ತು ನಿಮಿಷ ನಂದು.”

“ಕೆಲ್ಸ ಹೋಗತ್ತೆ ನಿಂದು.”

“ಕೆಲ್ಸ ಏನು, ಆಯಾ ಸರ್ಟಿಫಿಕೇಟೇ ಹೋಗತ್ತೆ, ಗೊತ್ತು. ಹೇಳ್ದೆ ಇದ್ರೆ ನಾಳೆ ಆ ಮುದುಕನ ಕೈ ಮುರೀತೀನಿ.”

ಗ್ವಾಕ್ ಎದ್ದು ಹಿತ್ತಿಲ ಕಡೆಯ ಕಿಟಕಿ ಮುಚ್ಚಲು ಹೋದ.

“ತೆಗ್ದೇ ಇರ್ಲಿ ಬಿಡಿ,” ಎಂದಳು ಓಕ್‌ಬುನ್. “ಹಿತ್ತಿಲಲ್ಲಿರೋರೂ ರುಜು ಹಾಕ್ಬೇಕಲ್ಲ. ಏನು ಹೇಳ್ಬೇಕು ಅಂತ ಕೇಳಿಸ್ಕೊಳ್ಳಲಿ.”

ಅಧಿಕಾರಿಣಿ ಕಾಫಿ ಲೋಟ ಕೆಳಗಿಟ್ಟಳು. ಪೆನ್ನು ಕೈಯಲ್ಲಿತ್ತು; ಬರೆಯಲೋ ಬೇಡವೋ ಎನ್ನುವಂತೆ.

“ಬರ್ಕೊಳ್ಳಮ್ಮ. ಮಂಗಳವಾರ ಬೆಳಿಗ್ಗೆ, ಪ್ಯೋ ಮೇಷ್ಟ್ರ ಎಡಗೈ. ಹಿಂಡಿದ್ದು ನಾನು.”

ಹಿತ್ತಿಲಲ್ಲಿ ಚಾಕುಗಳ ಸದ್ದು ನಿಂತಿತು.