ಬಾತುದೋಣಿಗೆ ಕಟ್ಟಿದ ಜೊಂಡು

ದೋಣಿ ಕಟ್ಟುತ್ತೇನೆಂದು ರೋಲಿ ಶೆಡ್ಡಿನಿಂದ ಕಾರನ್ನೇ ಹೊರಗೆ ತಳ್ಳಿದ ದಿನ ಅವನ ಹೆಂಡತಿ ಮಾರ್ಲಿಸ್ ಒಂದೇ ಮಾತು ಹೇಳಿದ್ದಳು.

"ಕಟ್ಕೋ, ಬೇಡ ಅನ್ನಲ್ಲ. ಆದ್ರೆ ನನ್ನ ಕಣ್ಣೆದುರಿಗೆ ಪರೀಕ್ಷೆ ಆಗ್ದೆ ಅದು ಬೇಟೆಗೆ ಹೋಗೋ ಹಾಗಿಲ್ಲ."

ಹೇಳುವುದಕ್ಕೆ ಅವಳಿಗೆ ಹಕ್ಕಿತ್ತು. ಅವಳ ಅಪ್ಪನನ್ನು ಪಾಯ್ಗನ್ ಕೆರೆ ನುಂಗಿತ್ತು. ಅವನೂ ಬಾತು ಹೊಡೆಯಲು ಹೋದವನೇ, ಅಂಗಡಿಯಿಂದ ತಂದ ತಗಡಿನ ದೋಣಿಯಲ್ಲಿ. ಆ ಕೆರೆಯ ಸ್ವಭಾವವೇ ಹಾಗೆ. ನೋಡಲು ಸಮುದ್ರದಷ್ಟು ಅಗಲ, ಆಳ ನೋಡಿದರೆ ಎರಡಾಳೂ ಇಲ್ಲ. ಅಂಥ ನೀರಿಗೆ ಗಾಳಿ ತಗುಲಿದರೆ ಮಜ್ಜಿಗೆ ಕಡೆದಂತೆ ಮೇಲೆ ಕೆಳಗೆ ಆಗುತ್ತದೆ. ಅಷ್ಟು ಗೊತ್ತಿದ್ದೂ ಆ ಕಡೆಯ ಗಂಡಸರು ಬಿಡುವವರಲ್ಲ. ಅವರಿಗೆ ಚರ್ಚು ತಪ್ಪಿದರೂ ಬಾತು ತಪ್ಪಬಾರದು.

ಬೇಸಿಗೆಯುದ್ದಕ್ಕೂ ಶೆಡ್ಡಿನಲ್ಲಿ ಗರಗಸದ ಸದ್ದು. ಪ್ಲೈವುಡ್ ಕೊಯ್ದು, ಬಗ್ಗಿಸಿ, ಅಂಟು ಹಚ್ಚಿ, ಉಜ್ಜಿ, ರೋಲಿಯ ಹುಬ್ಬಿನ ಮೇಲೂ ಮರದ ಪುಡಿ. ಬಾತುದೋಣಿಗೆ ತಗ್ಗಾಗಿರುವುದೇ ಲಕ್ಷಣ. ಹಕ್ಕಿಯ ಕಣ್ಣಿಗೆ ಅದು ದೋಣಿಯಂತೆ ಕಾಣಕೂಡದು, ಜೊಂಡಿನ ಪೊದೆಯಂತೆ ಕಾಣಬೇಕು. ರೋಲಿಯ ಚಿಕ್ಕಪ್ಪ ಆರ್ವಿಡ್ ಬಿಯರ್ ಡಬ್ಬಿ ಹಿಡಿದುಕೊಂಡು ಬಂದು, ಬಕೆಟ್ಟು ಬೋರಲು ಹಾಕಿ ಕೂತು, ಚುಚ್ಚುತ್ತಿದ್ದ.

"ಏನೋ ಇದು, ದೋಣಿನೋ, ಹಿಟ್ಟು ನಾದೋ ಮರಿಗೆನೋ?"

"ನಿನ್ನ ಹೊಟ್ಟೆ ಇದ್ರಲ್ಲಿ ಹಿಡಿಯಲ್ಲ ಅಂತ ನಿಂಗೆ ಹೊಟ್ಟೆಕಿಚ್ಚು, ಚಿಕ್ಕಪ್ಪ."

ಆಗಸ್ಟ್ ಕೊನೆಗೆ ಕೆರೆಯ ದಡದಲ್ಲಿ ಪರೀಕ್ಷೆ. ಮಾರ್ಲಿಸ್ ಬಚ್ಚಲುಮನೆಯ ತೂಕದ ಯಂತ್ರವನ್ನೇ ಹೊತ್ತು ತಂದಿದ್ದಳು. ಬಂದೂಕು, ತೋಟಾ ಪೆಟ್ಟಿಗೆ, ಲಂಗರು, ನೀರಿನ ಮೇಲೆ ತೇಲಿಬಿಡುವ ಬೊಂಬೆ ಬಾತುಗಳ ಮೂಟೆ, ಎಲ್ಲವನ್ನೂ ತೂಗಿ ಅಷ್ಟಷ್ಟು ಮರಳು ತುಂಬಿದ ಚೀಲಗಳನ್ನು ದೋಣಿಗೆ ಏರಿಸಿದಳು. ರೋಲಿ ಎದೆಮಟ್ಟದ ರಬ್ಬರ್ ಉಡುಪು ತೊಟ್ಟು ಹತ್ತಿದ, ಅತ್ತಿತ್ತ ಕುಣಿದು ದೋಣಿಯನ್ನು ತೂಗಾಡಿಸಿದ. ನೀರಿನ ಮೇಲೆ ಒಂದು ಗೇಣು ಬದಿ ಉಳಿದೇ ಉಳಿಯಿತು.

"ಇನ್ನೇನಾದ್ರೂ ಬಾಕಿ ಇದ್ಯಾ, ಅಮ್ಮಾವ್ರೇ?"

"ಪೆನ್ನಿ ಬಾಕಿ."

ಪೆನ್ನಿ ಅವರ ನಾಯಿ. ಅದನ್ನೂ ಹತ್ತಿಸಿದ್ದಾಯಿತು. ಆಮೇಲೆ ಅವಳೇ ಬಕೆಟ್ಟಿನಲ್ಲಿ ನೀರೆತ್ತಿ ದೋಣಿಯೊಳಗೆ ಸುರಿದಳು, ತುಂಬಿ ತುಳುಕುವವರೆಗೂ. ದೋಣಿ ನೀರಿನ ಮಟ್ಟಕ್ಕೆ ಕೂತಿತೇ ಹೊರತು ಮುಳುಗಲಿಲ್ಲ. ರೋಲಿ ಅಡಿಯಲ್ಲಿ ಥರ್ಮಾಕೋಲ್ ಹಲಗೆಗಳನ್ನು ಜೋಡಿಸಿದ್ದ. ಮಾರ್ಲಿಸ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿ ಗಂಡನನ್ನು ಕೆಳಕ್ಕೆಳೆದಳು.

ಜೊಂಡು ಕಟ್ಟುವುದು ಕೊನೆಯ ಕೆಲಸ. ಕೆರೆಯ ಜೊಂಡು ಹಣ್ಣಾಗಿ ಹಳದಿಗೆ ತಿರುಗುವ ತನಕ ಯಾರೂ ಅದಕ್ಕೆ ಕತ್ತಿ ಹಾಕುವುದಿಲ್ಲ. ಹಸಿರು ಜೊಂಡಿನ ದೋಣಿಯನ್ನು ಬಾತು ಮೈಲಿ ದೂರದಿಂದಲೇ ಗುರುತು ಹಿಡಿಯುತ್ತದೆ. ಮಾರ್ಲಿಸ್‌ಳ ಅವ್ವ ತನ್ನ ಗಂಡನಿಗೆ ಕಟ್ಟಿಕೊಡುತ್ತಿದ್ದಳು, ಅವ್ವನ ಕೈ ನೋಡಿ ಇವಳೂ ಕಲಿತಿದ್ದಳು. ಗೋಣಿತಟ್ಟಿನ ಮೇಲೆ ಕಂತೆ ಕಂತೆಯಾಗಿ ಜೊಂಡು ಹೊಲಿದು ಚಾಪೆ ಮಾಡಿ ದೋಣಿಯ ಸುತ್ತ ಹೊದಿಸಬೇಕು. ಬೇರೆಯವರು ತೆಳ್ಳಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಇವಳು ಯಾವುದನ್ನೂ ಅರೆಮನಸ್ಸಿನಿಂದ ಮಾಡಿದವಳಲ್ಲ. ದಟ್ಟವಾಗಿ ಹೊಲಿದಳು. ಗಾಳಿಗೆ ಕಿತ್ತುಹೋಗದಿರಲೆಂದು ಒಂದೇ ಎಳೆತಕ್ಕೆ ಬಿಚ್ಚುವ ಅವ್ವನ ಜಾರುಗಂಟು ಬಿಟ್ಟು ಗಟ್ಟಿಗಂಟನ್ನೇ ಹಾಕಿದಳು.

ಕಂಕುಳಲ್ಲಿ ಮುಂಬದಿಯ ಚಾಪೆ ಇಟ್ಟುಕೊಂಡು ಬಂದವಳನ್ನು ರೋಲಿ ರೇಗಿಸಿದ. "ಇದನ್ನೂ ತೂಕಕ್ಕೆ ಹಾಕಲ್ವಾ?"

"ಹುಲ್ಲಿಗೇನೋ ತೂಕ, ಮಾರಾಯ!"

ಅಕ್ಟೋಬರಿನಲ್ಲಿ ಅಡಿಗೆಮನೆ ತುಂಬ ಬಾತಿನ ಪುಕ್ಕ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಗಾಳಿ ತಿರುಗಿ ವಾಯವ್ಯದಿಂದ ಬೀಸಿತು, ಚಳಿ ದಿಢೀರನೆ ಏರಿತು. ದೊಡ್ಡ ಹಿಂಡುಗಳು ಬರುವುದು ಅಂಥ ದಿನವೇ. ಆರ್ವಿಡ್‌ಗೆ ಮಂಡಿನೋವು, ರೋಲಿ ನಾಯಿಯೊಂದಿಗೆ ಹೊರಟ. ಬೇರೆ ದೋಣಿಯಾಗಿದ್ದರೆ ಮಾರ್ಲಿಸ್ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಈ ದೋಣಿಯ ಪರೀಕ್ಷೆ ಅವಳ ಕೈಯಾರೆ ಆಗಿತ್ತಲ್ಲ! ಫ್ಲಾಸ್ಕಿಗೆ ಕಾಫಿ ತುಂಬಿ ಕೊಟ್ಟು, "ಮಧ್ಯಾಹ್ನಕ್ಕೆ ಬಾ, ಸಾರು ಇಟ್ಟಿರ್ತೀನಿ" ಎಂದಳು.

ಮಧ್ಯಾಹ್ನ ಬಂದದ್ದು ಪೆನ್ನಿ ಒಂದೇ. ಮೈಯ ಕೂದಲಿಗೆಲ್ಲ ಹಿಮದ ಮಣಿ. ಮಾರ್ಲಿಸ್ ಒಲೆ ಆರಿಸುವುದನ್ನೂ ಮರೆತು ಕೆರೆಯತ್ತ ಓಡಿದಳು.

ರೋಲಿ ಸಿಕ್ಕಿದ್ದು ಮರುದಿನ, ಜೊಂಡಿನ ನಡುವೆ. ಲೈಫ್ ಜಾಕೆಟ್ ಹಾಕಿಕೊಂಡೇ ಇದ್ದ. ಕೊಂದದ್ದು ಚಳಿ.

ದೋಣಿ ಮಾತ್ರ ಮುಳುಗಿರಲಿಲ್ಲ. ಆಗಸ್ಟಿನಲ್ಲಿ ನೋಡಿದಂತೆಯೇ, ಒಡಲ ತುಂಬ ನೀರು ತುಂಬಿಕೊಂಡು, ನೀರಿನ ಮಟ್ಟಕ್ಕೆ ಕೂತು ತೇಲುತ್ತಿತ್ತು. ಆರ್ವಿಡ್ ಅದನ್ನು ದಡಕ್ಕೆ ತಂದು, ನೀರು ಮೊಗೆದು ಹಾಕಿ, ಟ್ರಕ್ಕಿಗೆ ಹಗ್ಗ ಕಟ್ಟಿ ಎಳೆಸಿದ. ಚಕ್ರ ಕೆಸರಿನಲ್ಲಿ ತಿರುಗಿತು, ದೋಣಿ ಜಗ್ಗಲಿಲ್ಲ. ಎರಚಿದ ಅಲೆಯ ನೀರೆಲ್ಲ ಜೊಂಡಿನಲ್ಲಿ ಇಂಗಿ, ಅಲ್ಲೇ ಹೆಪ್ಪುಗಟ್ಟಿ, ಸುತ್ತಲೂ ಗೋಡೆಯಾಗಿತ್ತು.

"ಜೊಂಡು ಬಿಚ್ಚದೆ ಇದು ಬರಲ್ಲ" ಎಂದ ಆರ್ವಿಡ್. "ನೀನು ಮನೆಗೆ ಹೋಗು ಮಗಳೇ."

"ನಾನೇ ಕಟ್ಟಿದ್ದು, ನಾನೇ ಬಿಚ್ತೀನಿ."

ಅವಳು ದೋಣಿಯ ಪಕ್ಕ ಮಂಡಿಯೂರಿದಳು. ಗಂಟುಗಳು ಕಲ್ಲಾಗಿದ್ದವು, ಉಗುರು ಇಳಿಯಲಿಲ್ಲ. ಮುಂಬದಿಯ ಒಂದು ಗಂಟಿನ ಹತ್ತಿರ ಅವಳ ಕೈ ನಿಂತಿತು. ಅಲ್ಲಿ ಹಗ್ಗವನ್ನು ಯಾರೋ ಚಾಕುವಿನಿಂದ ಕೊಯ್ದಿದ್ದರು, ಅರ್ಧದವರೆಗೆ. ಹಗ್ಗದ ಸುತ್ತ ಮಂಜುಗಡ್ಡೆಯ ಮೇಲೆಲ್ಲ ಚಾಕುವಿನ ಗೀರುಗಳು. ಯಾರೋ ಏನು, ರೋಲಿಯೇ. ದೋಣಿಯ ಬದಿ ನೀರಿಗಿಳಿಯುತ್ತಿದ್ದಾಗ ಅವನು ಕಳಚಲು ಹೆಣಗಿದ್ದು ಅವಳ ಚಾಪೆಯನ್ನು.

ಉಳಿದರ್ಧವನ್ನು ಅವಳು ಆರ್ವಿಡ್‌ನ ಚಾಕುವಿನಿಂದ ಕೊಯ್ದಳು. ಒಂದೊಂದಾಗಿ ಆ ಚಾಪೆಯ ಹಗ್ಗಗಳೆಲ್ಲ ಬಿಟ್ಟವು, ಅದು ಧೊಪ್ಪನೆ ಕೆಸರಿಗೆ ಬಿತ್ತು. ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ ಅದೇ ಚಾಪೆ. ಮಾರ್ಲಿಸ್ ಬಗ್ಗಿ ಎತ್ತಲು ನೋಡಿದಳು, ಅಲುಗಲಿಲ್ಲ. ಚಾಕು ಕೆಳಗಿಟ್ಟು ಎರಡೂ ಕೈ ಹಾಕಿದಳು. ಆರ್ವಿಡ್ ಇನ್ನೊಂದು ತುದಿ ಹಿಡಿದ, ಆಗಲೂ ಮೇಲೇಳಲಿಲ್ಲ.

"ಚಿಕ್ಕಪ್ಪ," ಎಂದಳು ಅವಳು, ಕೈ ಬಿಡದೆ. "ಇದೊಂದನ್ನ ನಾನು ತೂಗ್ಲಿಲ್ಲ."

ಆರ್ವಿಡ್ ಕೆಳಗಿದ್ದ ಚಾಕು ಎತ್ತಿಕೊಂಡು ಆಚೆ ಬದಿಯ ಹಗ್ಗ ಕೊಯ್ಯತೊಡಗಿದ.