ಮಲೇರಿಯಾದ ಮನೆತನ

ಕುಷ್ಟಗಿಯ ಕಾಲೇಜಿಗೆ ಹೊಸ ಸೂಕ್ಷ್ಮದರ್ಶಕ ಬಂತು, ಒಂದೇ ಒಂದು. ಅದು ತನ್ನ ಪ್ರಾಣಿಶಾಸ್ತ್ರಕ್ಕೇ ಬರಬೇಕೆಂದು ಸುರೇಖಾ ಮೇಡಂ ಹಟ ಹಿಡಿದಿದ್ದಳು. ಹಳೆಯದರಲ್ಲಿ ಮಲೇರಿಯಾ ರೋಗಾಣು ತೋರಿಸಿದರೆ ಹುಡುಗಿಯರು "ಬರೇ ಮಬ್ಬು ಕಾಣತೈತ್ರಿ" ಎನ್ನುತ್ತಿದ್ದರು. ಎಷ್ಟು ವರ್ಷ ಅಂತ ಮಬ್ಬನ್ನೇ ಪಾಠ ಮಾಡುವುದು?

ಅಡ್ಡಗಾಲು ಹಾಕಿದವನು ಸಸ್ಯಶಾಸ್ತ್ರದ ಪ್ರಭುರಾಜ. ದಿನಾ ಮಧ್ಯಾಹ್ನ ಅವಳ ಡಬ್ಬಿಯ ಬದನೆಕಾಯಿ ಎಣ್ಣೆಗಾಯಿಗೆ ಕೈ ಹಾಕುವ ಪುಣ್ಯಾತ್ಮ, ಈಗ ಇದಕ್ಕೂ ಕೈ ಹಾಕಿದ್ದ.

ನ್ಯಾಯ ಪ್ರಾಂಶುಪಾಲ ಯಮನೂರಪ್ಪನವರ ಮುಂದೆ ಹೋಯಿತು. ಅವರು ಇತಿಹಾಸದವರು, ಅದಕ್ಕಿಂತ ಹೆಚ್ಚಾಗಿ ಊರಿನ ಅರ್ಧ ಲಗ್ನ ಕೂಡಿಸಿದವರು. ಏನೇ ಬರಲಿ, ಮೊದಲು ಮನೆತನ ಯಾವುದು, ಬೆಡಗು ಅಂದರೆ ಕುಲದ ಬಳ್ಳಿ ಯಾವುದು ಎಂದು ಕೇಳಬೇಕು ಅವರಿಗೆ.

"ಮಲೇರಿಯಾದ ಸಲುವಾಗಿ ಜಗಳ ಹೌದಲ್ರಿ? ಅದು ಯಾರ ಮನಿತನದ್ದು ಹೇಳ್ರಿ, ಅವರಿಗೇ ಕೊಡ್ತೀನಿ."

"ನಮ್ದರಿ," ಎಂದ ಪ್ರಭುರಾಜ. "ಎಲಿಯೊಳಗ ಹಸರು ಇರತೈತಲ್ರಿ, ಅದರ ಕುರುಹು ಇದರ ಹೊಟ್ಟ್ಯಾಗ ಇನ್ನೂ ಐತಿ. ಹಿರ್ಯಾರು ಬಿಸಲು ಉಂಡು ಬದುಕಿದವರು."

ಸುರೇಖಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಸಿಟ್ಟು.

"ಅದು ಹುಟ್ಟಿನಿಂದ ಬಂದದ್ದಲ್ರಿ ಸರ್, ನುಂಗಿದ್ದು. ಅದರ ಹಿರ್ಯಾರು ಹಿಂದ ಪಾಚಿ ನುಂಗಿ ಹೊಟ್ಟ್ಯಾಗ ಇಟ್ಕೊಂಡ್ರು. ಇವರು ದಿನಾ ನಮ್ಮವ್ವನ ಎಣ್ಣಿಗಾಯಿ ನುಂಗ್ತಾರ. ನಮ್ಮ ಬೆಡಗಿನವರಾದ್ರೇನು?"

ಯಮನೂರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಭುರಾಜನ ಮುಖ ಸಣ್ಣದಾಯಿತು.

"ಹಂಗಾದ್ರ ಹುಟ್ಟಿನಿಂದ ಪ್ರಾಣಿ ಅನ್ರಿ," ಎಂದರು ಯಮನೂರಪ್ಪ.

ಹೂಂ ಅಂದಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಮೊನ್ನೆಯಷ್ಟೇ ಹುಡುಗಿಯರಿಗೆ ಬೇರೆ ಪಾಠ ಮಾಡಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಪ್ರಾಣೀನೂ ಅಲ್ರಿ. ಮೊದಲು ನಮ್ಮೊಳಗ ಎಣಿಸ್ತಿದ್ರು. ಈಗ ಅದರದು ಬ್ಯಾರೇನ ಮನಿತನ ಅಂತಾರ."

"ಇಬ್ಬರದೂ ಅಲ್ಲಂದ್ರ ಹಿರ್ಯಾರ ಹತ್ರ ಇರಲಿ," ಎಂದು ಯಮನೂರಪ್ಪ ಸೂಕ್ಷ್ಮದರ್ಶಕವನ್ನು ತಮ್ಮ ಟೇಬಲ್ಲಿನ ಮೇಲೇ ಇರಿಸಿಕೊಂಡರು. "ಬೇಕಾದಾಗ ಹುಡುಗ್ಯಾರನ್ನ ಕರ್ಕೊಂಡು ಬರ್ರಿ."

ಮರುದಿನ ಹುಡುಗಿಯರು ಆ ಕೋಣೆಯಲ್ಲೇ ಸಾಲು ಹಚ್ಚಿ ನೋಡಿದರು. "ಕಂಡತ್ರಿ ಮೇಡಂ, ರಕ್ತಕಣದಾಗ ಉಂಗುರದಂಗ ಕುಂತೈತಿ" ಎಂದಳು ಒಬ್ಬಳು. ಸುರೇಖಾಳಿಗೆ ಖುಷಿಯಿಂದ ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ಊಟದ ಹೊತ್ತಾಯಿತು, ಡಬ್ಬಿ ಅಲ್ಲೇ ಬಿಚ್ಚಿದಳು. ಎಡಗಡೆಯಿಂದ ಪ್ರಭುರಾಜನ ಕೈ ಬಂತು, ಅದು ರೂಢಿಯದು. ಬಲಗಡೆಯಿಂದ ಯಮನೂರಪ್ಪನವರದೂ ಬಂತು.

"ಭಾಳ ಛಲೋ ಆಗೈತಿ," ಎಂದರು ಅವರು ಬಾಯಿ ತುಂಬಿಕೊಂಡು. "ನಾಳಿ ಒಂದೀಟು ಹೆಚ್ಚಿಗಿ ತರ್ರಿ."

ಕೊನೆಯ ಹುಡುಗಿ ಇನ್ನೂ ಬಗ್ಗಿ ನೋಡುತ್ತಲೇ ಇದ್ದಳು. "ಮೇಡಂ, ಇಲ್ಲೆ ಒಂದ ಕಣದಾಗ ಎರಡು ಕುಂತಾವ್ರಿ."

"ಕುಂದರ್ತಾವವ್ವ," ಎಂದು ಸುರೇಖಾ ಖಾಲಿ ಡಬ್ಬಿ ಮುಚ್ಚಿದಳು.