ನೀರು ಸುರಿಸುವ ಒಣ ಕಣ್ಣು

ಆ ಬೀದಿಯ ಕ್ಷೌರದಂಗಡಿಯಾತನ ಕಣ್ಣಲ್ಲಿ ಕೆಲವು ತಿಂಗಳಿಂದ ನೀರು ನಿಲ್ಲುತ್ತಿರಲಿಲ್ಲ. ಕತ್ತರಿ ಹಿಡಿದರೆ ಸಾಕು, ಕೆನ್ನೆಯ ಮೇಲೆ ಧಾರೆ. ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ಅದನ್ನು ನೋಡಿ, ಕಣ್ಣು ಬೇರೆಡೆ ಹೊರಳಿಸುತ್ತಿದ್ದರು. ಒಬ್ಬರಂತೂ ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಎಂದು ಕೇಳಿಯೇ ಬಿಟ್ಟರು.

ಮನೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಸೊಸೆ ಏನೋ ಅಂದಿರಬೇಕು ಎಂದು ತಾಯಿಯ ಗುಮಾನಿ. ಅತ್ತೆ ಯಾಕೆ ಮುಖ ಊದಿಸಿಕೊಂಡಿದ್ದಾರೆ ಎಂದು ಸೊಸೆಗೆ ತಿಳಿಯದು. ಗಂಡ ತನ್ನಿಂದ ಯಾವುದೋ ದುಃಖ ಮುಚ್ಚಿಡುತ್ತಿದ್ದಾನೆ ಎಂದು ಅವಳ ಕೊರಗು. ಆತನಿಗೋ, ತಾನು ಅಳುತ್ತಿಲ್ಲ ಎಂದು ಯಾರ್ಯಾರಿಗೆ ಹೇಳಿ ನಂಬಿಸಬೇಕೋ ಗೊತ್ತಾಗಲಿಲ್ಲ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿಯುತ್ತಿತ್ತು, ಅಷ್ಟೆ. ಪಕ್ಕದ ಚಪ್ಪಲಿ ಅಂಗಡಿಯವನು ಜೇನುತುಪ್ಪ ಬಿಡು ಎಂದ. ಎದುರು ಮನೆಯವರು ಹರಳೆಣ್ಣೆ ಎಂದರು. ಬಿಟ್ಟದ್ದೆಲ್ಲ ಉರಿಗೆ ಇನ್ನಷ್ಟು ಉರಿ ಸೇರಿಸಿತು.

ಒಂದು ದಿನ ಹಳೆಯ ಗಿರಾಕಿಯೊಬ್ಬರಿಗೆ ಗಡ್ಡ ಬೋಳಿಸುವಾಗ ಕಣ್ಣು ಮಂಜಾಗಿ, ಅಲಗು ಕಿವಿಯ ಬುಡಕ್ಕೆ ತಾಗಿತು. ಗಾಯ ಸಣ್ಣದು. ಅವರು ಹತ್ತಿ ಒತ್ತಿಕೊಂಡು ಎದ್ದುಹೋದರು. ಆತ ಮಧ್ಯಾಹ್ನವೇ ಶಟರ್ ಎಳೆದು ಕಣ್ಣಿನ ಆಸ್ಪತ್ರೆಗೆ ಹೋದ.

ಡಾಕ್ಟರು ಕಣ್ಣೀರು ಅಳೆಯಲು ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಇಟ್ಟು ನೋಡಿದರು, ರೆಪ್ಪೆಯ ಅಂಚನ್ನು ಪರೀಕ್ಷಿಸಿದರು. ಕಣ್ಣು ಒಣಗಿದೆ, ಆಪರೇಷನ್ ಬೇಡ, ಸದ್ಯಕ್ಕೆ ಔಷಧಿಯೂ ಬೇಡ, ಅಭ್ಯಾಸಗಳನ್ನು ಬದಲಾಯಿಸಿಕೊಂಡು ಮತ್ತೆ ಬಂದು ತೋರಿಸಿ ಎಂದರು. ಮನೆಗೆ ಬಂದವನ ತಲೆ ಗೊಂದಲದ ಗೂಡಾಗಿತ್ತು.

“ಕೊಡ ತುಂಬೋವಷ್ಟು ನೀರು ಬರ್ತಿದೆ. ಅವ್ರು ಒಣಗಿದೆ ಅಂತಾರೆ. ನಾನು ಯಾರನ್ನ ನಂಬ್ಲಿ?” ಎಂದು ಹೆಂಡತಿಯನ್ನು ಕೇಳಿದ.

ಔಷಧಿ ಬರೆಯದವರು ಎಂಥ ಡಾಕ್ಟರು ಎಂದು ತಾಯಿ ಗೊಣಗಿದರು. ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತನ್ನ ತಂಗಿಗೆ ಫೋನ್ ಮಾಡಿದಳು.

ತಂಗಿ ರಜೆಯ ದಿನ ಬಂದವಳು ನೇರವಾಗಿ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಭಾವ ಒಬ್ಬರ ಕೂದಲು ಕತ್ತರಿಸಿ ಮುಗಿಸುವವರೆಗೂ ಸುಮ್ಮನೆ ನೋಡಿದಳು.

“ಭಾವ, ಇಷ್ಟು ಹೊತ್ತಲ್ಲಿ ಒಂದ್ಸಲನಾದ್ರೂ ಪೂರ್ತಿ ರೆಪ್ಪೆ ಮುಚ್ಚಿದ್ರಾ?”

“ರೆಪ್ಪೆ ಮುಚ್ಕೊಂಡ್ರೆ ಗಿರಾಕಿ ಕಿವಿ ಉಳಿಯುತ್ತೇನಮ್ಮ?”

“ಕಣ್ಣೀರು ಅಂದ್ರೆ ಬರೀ ನೀರಲ್ಲ ಭಾವ. ರೆಪ್ಪೆ ಅಂಚಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ. ರೆಪ್ಪೆ ಬಡಿದಾಗ ಆ ಎಣ್ಣೆ ಕಣ್ಣಿನ ಮೇಲೆ ತೆಳ್ಳಗೆ ಹರಡುತ್ತೆ. ಅದು ಕಮ್ಮಿಯಾದ್ರೆ ನೀರು ಬೇಗ ಆರಿಹೋಗುತ್ತೆ. ಒಣಗಿದ ಕಣ್ಣು ಉರಿ ತಾಳ್ಲಾರ್ದೆ ಒಮ್ಮೆಗೇ ನೀರು ಸುರಿಸುತ್ತೆ. ಆ ನೀರು ಕೆನ್ನೆಗಿಳಿಯುತ್ತೆ, ಕಣ್ಣಲ್ಲಿ ನಿಲ್ಲಲ್ಲ.”

“ಅಂದ್ರೆ, ಒಣಗಿರೋದಕ್ಕೇ ನೀರು ಬರ್ತಿದೆ?”

“ಹೂಂ, ಅದೇ.”

ಆತ ಅರ್ಥವಾಯಿತೆಂದು ತಲೆಯಾಡಿಸಿದ, ಮತ್ತೆ ಇಲ್ಲವೆಂದು ಆಡಿಸಿದ. ಅವಳು ಎದ್ದು ಗೋಡೆಯ ಫ್ಯಾನಿನ ಕತ್ತು ತಿರುಗಿಸಿದಳು. ಅದರ ಗಾಳಿ ದಿನವಿಡೀ ನೇರ ಆತನ ಮುಖಕ್ಕೇ ಹೊಡೆಯುತ್ತಿತ್ತು. ಯಾರಿಗೂ ಅದು ಹೊಳೆದಿರಲಿಲ್ಲ.

“ಬಂದವ್ರ ಮುಖಕ್ಕೆಲ್ಲ ಬಿಸಿ ಟವೆಲ್ ಹಾಕ್ತೀರಿ. ನಿಮ್ಮ ಕಣ್ಣಿಗೆ ಒಂದಿನ ಹಾಕಿದ್ದೀರಾ?”

ಮನೆಗೆ ಬಂದು ಅವಳೇ ಮಾಡಿ ತೋರಿಸಿದಳು. ಶುಭ್ರವಾದ ಬಟ್ಟೆಯನ್ನು ಬಿಸಿನೀರಲ್ಲಿ ಹಿಂಡಿ, ಹಿತವಾದ ಬಿಸಿಯಿದೆಯೇ ಎಂದು ಮಣಿಕಟ್ಟಿಗೆ ತಾಗಿಸಿ ನೋಡಿ, ಮುಚ್ಚಿದ ಕಣ್ಣಿನ ಮೇಲಿಟ್ಟಳು. ಆರಿದರೆ ಮತ್ತೆ ಬಿಸಿ ಮಾಡಿ ಐದು ಹತ್ತು ನಿಮಿಷ ಇಡಬೇಕು. ಆಮೇಲೆ ತೊಳೆದ ಬೆರಳಿಂದ ರೆಪ್ಪೆಯನ್ನು ರೆಪ್ಪೆಗೂದಲಿನ ಕಡೆಗೆ ಮೆಲ್ಲಗೆ ನೀವಿ, ಅಂಚನ್ನು ಒರೆಸಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗ ಫೋನ್ ನೋಡುವುದು ಬಿಟ್ಟು, ದೂರ ನೋಡುತ್ತಾ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಬೇಕು. ಸಿಗರೇಟು ಬಿಡಬೇಕು. ಬೈಕಿನಲ್ಲಿ ಹೋಗುವಾಗ ಕನ್ನಡಕ ಹಾಕಬೇಕು.

ಮೊದಲ ಕೆಲವು ದಿನ ಏನೂ ಬದಲಾಗಲಿಲ್ಲ. ಇದೆಲ್ಲ ದಂಡ ಎಂದು ಆತ ಬಟ್ಟೆಯನ್ನು ಮೂಲೆಗೆಸೆದ. ಮರುದಿನ ಬೆಳಿಗ್ಗೆ ನೀರು ಕಾಯಿಸಿಟ್ಟವರು ತಾಯಿ.

“ನೀನು ಅಳ್ತಿಲ್ಲ ಅಂತ ಗೊತ್ತಾಯ್ತಲ್ಲ, ನಂಗೆ ಅಷ್ಟೇ ಸಾಕು. ಬಾ, ಮಲಕ್ಕೋ” ಎಂದು ತಾವೇ ಬಟ್ಟೆ ಹಿಂಡಿ ಇಟ್ಟರು. ಸೊಸೆಯ ಕಡೆ ನೋಡಿ, ಸುಮ್ಮನೆ ನಿನ್ನ ಮೇಲೆ ಅನುಮಾನಪಟ್ಟೆ ಎಂದರು.

ವಾರಗಳು ಕಳೆದಂತೆ ಉರಿ ತಗ್ಗಿತು. ಅಲಗು ಹಿಡಿದ ಕೈಗೆ ಧೈರ್ಯ ಬಂತು. ಆದರೆ ಯಾವುದರಿಂದ ಗುಣವಾಯಿತು ಎಂಬುದು ಮನೆಯವರಿಗೆ ಬಗೆಹರಿಯಲಿಲ್ಲ. ತಾಯಿ ಬಿಸಿ ಬಟ್ಟೆ ಎಂದರು, ಹೆಂಡತಿ ಫ್ಯಾನು ಎಂದಳು. ಫೋನಿನಲ್ಲಿ ತಂಗಿ ನಕ್ಕು, ಎಲ್ಲವೂ ಸೇರಿ ಎಂದಳು. ಇದು ಒಮ್ಮೆ ಗುಣವಾಗಿ ಮರೆತುಬಿಡುವ ತೊಂದರೆಯಲ್ಲ, ದಿನಾ ಹಲ್ಲುಜ್ಜಿದಂತೆ ನೋಡಿಕೊಳ್ಳಬೇಕು ಎಂದು ಎಚ್ಚರಿಸಿದಳು. ಈಗಲೂ ಗಾಳಿ ಧೂಳಿನ ದಿನ ಆತನ ಕಣ್ಣು ಚುರುಗುಟ್ಟುತ್ತದೆ. ಆದರೆ ಆತ ಹೆದರುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕಣ್ಣೂ ಉರಿದು ನೀರು ಸುರಿಸುತ್ತಿದೆಯೇ? ಸಿಕ್ಕಿದ್ದನ್ನೆಲ್ಲ ಕಣ್ಣಿಗೆ ಬಿಡಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಅವರು ಕೊಟ್ಟ ಔಷಧಿ ಇದ್ದರೆ ನೀವಾಗಿ ನಿಲ್ಲಿಸಬೇಡಿ. ನೋವು ಹೆಚ್ಚಾದರೆ, ನೋಟ ಮಂಜಾದರೆ, ಬೆಳಕು ಚುಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದದ್ದು ನಿಮ್ಮ ಕೈಯಲ್ಲೇ ಇದೆ. ಈ ಹಾಳೆ ಕೆಳಗಿಡುವ ಮುನ್ನ ಒಮ್ಮೆ ನಿಧಾನವಾಗಿ, ಪೂರ್ತಿಯಾಗಿ, ರೆಪ್ಪೆ ಮುಚ್ಚಿ ತೆರೆಯಿರಿ.